ದೋಣಿ ಮ್ಯಾಲಿನ ಜಾಲಿ

ಯಾರದರ ಮನಿ ಹಂಚಿನ ಮ್ಯಾಲ ಹತ್ತೂದಿದ್ರ ಮೊದಲ ಅವರು ಕೊಟ್ಟ ನಿಚ್ಚಣಿಕಿ ಅಲುಗಾಡಿಸಿ ನೋಡ್ರಿ. "ಭಾಳ ಗಟ್ಟಿ ಐತಿ, ನಮ್ಮಪ್ಪನ ಕಾಲದ್ದು" ಅಂದ್ರಂತೂ ಇನ್ನೊಮ್ಮೆ ಅಲುಗಾಡಿಸ್ರಿ. ಅಪ್ಪನ ಕಾಲದ್ದು ಅಂದ್ರ ಒಳಗ ಹುಳಾ ತಿಂದೈತಿ ಅಂತ ಅರ್ಥ. ತಗಡಿನ ಕೆಲಸಕ್ಕ ಹೊಸದಾಗಿ ಬರೋ ಹುಡುಗರಿಗೆ ನಾ ಹೇಳೋ ಮೊದಲನೇ ಮಾತು ಇದ. ಕತ್ತರಿ ಹಿಡಿಯೋದು, ಬೆಸಿಗಿ ಹಾಕೋದು ಕೈಗೆ ತಾನ ಬರತೈತಿ. ಸಂಶಯ ಮಾಡೋದು ಹಂಗ ಬರಂಗಿಲ್ಲ, ಕಲೀಬೇಕು.

ನನ್ನ ಹೆಂಡತಿ ಅಂತಿದ್ಲು, ಮಂದಿ ಚಹಾದಾಗ ಸಕ್ಕರಿ ಐತೋ ಇಲ್ಲೋ ನೋಡ್ತಾರ, ನೀವು ಸಕ್ಕರಿ ಖರೇನ ಸಕ್ಕರಿ ಹೌದೋ ಅಲ್ಲೋ ಅಂತ ನೋಡ್ತೀರಿ ಅಂತ. ಅನ್ನಲಿ. ಎಷ್ಟೋ ವರ್ಷ ಮಂದಿ ಮಾಳಗಿ ಮ್ಯಾಲ ಅಡ್ಡಾಡಿದೆ, ಒಮ್ಮೆನೂ ಕೆಳಗ ಬೀಳಲಿಲ್ಲ. ನಂಬಿಕಿಯಿಂದ ಹತ್ತಿದವರು ನನ್ನ ಜೋಡಿಯವರಾಗ ಒಬ್ಬಿಬ್ಬರು ಕುಂಟಗೋತ ಅಡ್ಡಾಡತಿದ್ರು.

ಬೆಟಗೇರಿಯಾಗ ನಂದೊಂದು ಸಣ್ಣ ಅಂಗಡಿ ಇತ್ತು. ಡಬ್ಬಿ, ಕೊಳವಿ, ಲಾಟೀನಿನ ತಳ, ಹಂಡೆದ ಮುಚ್ಚಳ ಎಲ್ಲಾ ಮಾಡತಿದ್ದೆ, ಆದ್ರ ನನ್ನ ಹೊಟ್ಟಿ ತುಂಬಿಸಿದ್ದು ದೋಣಿ. ಹೊಳ್ಯಾಗ ಹೋಗೋ ದೋಣಿ ಅಲ್ಲ. ಹಂಚಿನ ಮನಿ ಅಂಚಿಗೆ ಕಟ್ಟೋ ತಗಡಿನ ದೋಣಿ. ಮಳಿ ನೀರು ಹಂಚಿನಿಂದ ಜಾರಿ ಅದರಾಗ ಬಿದ್ದು, ಮೂಲ್ಯಾಗಿನ ಕೊಳವಿ ಹಿಡದು ಕೆಳಗ ಇಳೀತೈತಿ. ಮುಂಡರಗಿ ಕಡೆ ಡೋಣಿ ಅಂತ ಒಂದು ಊರೂ ಐತಿ. ಒಮ್ಮೆ ಮುಂದಿನ ಹಲ್ಲಿಲ್ಲದ ಮುದುಕ ಒಬ್ಬಾಂವ ಅಂಗಡಿಗೆ ಬಂದು ಡೋಣಿಗೆ ಕರದಾರ ಅಂತ ಖಬರ ಹೇಳಿ ಹೋದ. ನನ್ನ ಕಿವಿಗೆ ದೋಣಿ ಅಂತ ಬಿತ್ತು. ಯಾರ ಮನಿ ದೋಣಿ ಅಂತ ಓಣಿ ಓಣಿ ಕೇಳಿ ಸುಸ್ತಾದೆ. ಕರದವರು ಕಪ್ಪತಗುಡ್ಡದ ಬುಡಕ್ಕ, ಡೋಣಿ ಊರಾಗ, ನನ್ನ ದಾರಿ ಕಾಯಕೋತ ಕುಂತಿದ್ರು. ಅವತ್ತಿಂದ ತಗಡಿನಂಗ ಮಾತನ್ನೂ ಬಡದು ನೋಡಾಕ ಹತ್ತಿದೆ. ಆದ್ರೂ ಮುಂದ ಒಂದು ಸಲ ಕೈ ಕೊಡ್ತು, ಅದನ್ನ ಹೇಳ್ತೀನಿ.

ನನಗ ಕೆಲಸ ಕಲಿಸಿದಾಂವ ಖಾದರಸಾಬ ಉಸ್ತಾದ. ಅವನ ಮುಂದ ನನ್ನ ಸಂಶಯ ಏನೂ ಅಲ್ಲ. ಅಂಗಡಿಯವರು ಕೊಟ್ಟ ತಗಡನ್ನ ಅಂಚಿನ್ಯಾಗ ಮುಟ್ಟತಿರಲಿಲ್ಲ, ನಡುವ ಬೆರಳ ಗೆಣ್ಣಿಲೆ ಬಡದು ಕೇಳತಿದ್ದ. ಅಂಚಿಗೆ ದಪ್ಪ ತೋರಿಸಿ ನಡುವ ತೆಳ್ಳಗ ಇರೋ ಮಾಲು ಅವಾಗ ಭಾಳ ಬರತಿತ್ತು. ಸಂಜೀಕ ನಾ ಬೆಸಿಗಿ ಹಾಕಿದ ದೋಣಿಗೆ ನೀರು ತುಂಬಿ, ಕೆಳಗ ಹಳೇ ಪೇಪರ ಹಾಸಿ, ಮುಂದ ಕುಂತು ಬೀಡಿ ಸೇದತಿದ್ದ. ಪೇಪರಿನ ಮ್ಯಾಲ ಒಂದು ಹನಿ ಕಂಡ್ರ ಬೈತಿರಲಿಲ್ಲ. ಬರೇ ನನ್ನ ಮುಖ ನೋಡತಿದ್ದ. ಅದಕ್ಕಿಂತ ಎರಡು ಕಪಾಳಕ್ಕ ಹೊಡದಿದ್ರ ಚಲೋ ಇರತಿತ್ತು.

ಈಗ ಜಾಲಿ ವಿಷಯಕ್ಕ ಬರತೀನಿ. ನಮ್ಮ ಸೀಮಿ ಬಾವಿ ನೀರು ಸವಳು. ಬ್ಯಾಳಿ ಬೇಯಂಗಿಲ್ಲ, ಚಹಾ ಕುಡದ್ರ ನಾಲಿಗಿ ಉಪ್ಪುಪ್ಪು. ಅದಕ್ಕ ಅನುಕೂಲ ಇದ್ದವರು ಅಂಗಳದಾಗ ನೆಲ ಅಗದು, ಒಳಗ ಗಚ್ಚು ಹಾಕಿಸಿ ದೊಡ್ಡ ತೊಟ್ಟಿ ಕಟ್ಟಿಸತಿದ್ರು. ಅದಕ್ಕ ಹೌದ ಅಂತೀವಿ. ಮಳಿ ನೀರು ದೋಣಿಯಿಂದ ಕೊಳವಿಗೆ, ಕೊಳವಿಯಿಂದ ಹೌದಕ್ಕ. ವರ್ಷದ ಕುಡಿಯೋ ನೀರು ಅದ. ದೋಣ್ಯಾಗ ಬೇವಿನ ಎಲಿ, ಪಾರಿವಾಳದ ಹೇಲು, ಸತ್ತ ಹಲ್ಲಿ ಬಿದ್ರ ಅದೆಲ್ಲಾ ಹೌದಕ್ಕ ಇಳೀತೈತಿ. ಅದನ್ನ ತಡಿಯಾಕ ದೋಣಿ ಬಾಯಿಗೆ ಹೊಚ್ಚೋ ತಂತಿ ಬಲಿಗೆ ನಮ್ಮ ಮನ್ಯಾಗ ಉರ್ದುದಾಗ ಜಾಲಿ ಅಂತೀವಿ. ಅಂಗಡ್ಯಾಗೂ ನಾ ಹಂಗ ಅಂತಿದ್ದೆ.

ಯಾವ ಜಾಲಿ ಹಾಕಬೇಕು ಅನ್ನೋದರಾಗನ ಅರ್ಧ ಕೆಲಸ ಐತಿ. ಕೋಳಿ ಗೂಡಿಗೆ ಹಾಕೋ ದೊಡ್ಡ ಕಣ್ಣಿಂದು ಅಗ್ಗ, ಆದ್ರ ಬೇವಿನ ಎಲಿ ಸಣ್ಣದು, ಸೊರಕ್ಕನ ಒಳಗ ಇಳೀತೈತಿ. ಕಿಟಕಿಗೆ ಹಾಕೋ ಸೊಳ್ಳಿ ಜಾಲಿ ನೋಡಾಕ ಚಂದ, ಆದ್ರ ನಮ್ಮ ಕರಿ ಮಣ್ಣಿನ ಧೂಳು ಒಂದು ಬ್ಯಾಸಗ್ಯಾಗ ಅದರ ಕಣ್ಣು ಮುಚ್ಚತೈತಿ. ಮುಂಡರಗಿಯ ಒಬ್ಬ ಕಾಳಿನ ವ್ಯಾಪಾರಿ ಹಠಾ ಹಿಡದು ಸೊಳ್ಳಿ ಜಾಲಿನ ಹಾಕಿಸಿದ. ನಾ ಬ್ಯಾಡ ಅಂದಿದ್ದೆ. ಮೊದಲ ಜೋರು ಮಳಿಗೆ ನೀರು ದೋಣಿಗೆ ಇಳೀಲಾರದ ಜಾಲಿ ಮ್ಯಾಲಿಂದ ಜಾರಿ, ನೆಟ್ಟಗ ಅಂಗಡಿ ಮುಂದಿನ ಜ್ವಾಳದ ಚೀಲದ ಮ್ಯಾಲ ಬಿತ್ತು. ಎದುರಿನ ಅಂಗಡಿಯವನ ಮಾತು ಕೇಳಿ ನಾ ಬೇಕಂತ ಹಿಂಗ ಮಾಡೀನಿ ಅಂತ ಅಂವ ಊರ ತುಂಬ ಹೇಳಿಕೋತ ಅಡ್ಡಾಡಿದ. ಆ ಜ್ವಾಳ ಮೊದಲ ತೊಯ್ದಿತ್ತು, ಈಗ ನನ್ನ ತಲಿಗೆ ಕಟ್ಟಾಕ ಹತ್ಯಾನ ಅಂತ ನನಗ ಸಂಶಯ. ಇಬ್ಬರೂ ಭಾಳ ವರ್ಷ ಹಂಗ ಸಂಶಯದಾಗ ಉಳದ್ವಿ.

ಶಿರಹಟ್ಟಿಯಾಗ ಇನ್ನೊಂದು. ಹಾಕಿದ ಜಾಲಿ ಮರುದಿವಸ ಇಲ್ಲ. ಮಂಗ್ಯಾ ಒಯ್ದಾವ ಅಂತ ಮನಿಯವರು ಅಂದ್ರು. ಮಂಗ್ಯಾಗ ಜಾಲಿ ಯಾಕ ಬೇಕು, ಬಾಜು ಮನ್ಯಾಂವ ತಗದು ಕೋಳಿ ಗೂಡಿಗೆ ಹಾಕಿರಬೇಕು ಅಂತ ನಾ ಅವರ ಹಿತ್ತಲ ಎಲ್ಲಾ ಇಣುಕಿ ನೋಡಿದೆ. ಬೈಸಿಗೊಂಡೆ. ವಾಪಸ ಬರಾಕ ಹತ್ತಿದಾಗ ಗುಡಿ ಬಾಜೂಕ ಹುಣಸಿ ಗಿಡದ ಮ್ಯಾಲ ಒಂದು ಮಂಗ್ಯಾ ನನ್ನ ಜಾಲಿ ಮಡಚಿ ತೆಳಗ ಹಾಕ್ಕೊಂಡು ಆರಾಮ ಕುಂತಿತ್ತು.

ಅದಕ್ಕ ಕಡೀಕ ನಾ ಆರಿಸಿಕೊಂಡಿದ್ದು ಗೌಂಡಿಯವರು ಉಸುಕು ಸೋಸೋ ಜಾಲಿ. ಕಣ್ಣು ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಒಂದು ಅಂಚು ಹಂಚಿನ ಕೆಳಗ ತುರುಕಬೇಕು, ಇನ್ನೊಂದು ಅಂಚು ದೋಣಿ ತುಟಿಗೆ ಮಡಚಬೇಕು, ಹೊರಗಿನ ಕಡೆ ಇಳಿಜಾರು ಇರಬೇಕು. ಹಂಗಾದ್ರ ಎಲಿ ಒಣಗಿ ಗಾಳಿಗೆ ತಾವ ಹಾರಿ ಹೋಗತಾವ. ಜಂಗ, ಅಂದ್ರ ತುಕ್ಕು, ಹಿಡೀಬಾರದು ಅಂತ ಕೆಂಪು ಬಣ್ಣ ಹಚ್ಚಿ ಒಣಗಿಸಬೇಕು. ಬೆಸಿಗಿ ಮಾತ್ರ ಹಾಕಬ್ಯಾಡ್ರಿ, ತಂತಿಲೆ ಕಟ್ರಿ. ಬಿಚ್ಚಿ ನೋಡಾಕ ಬರಲಾರದ ಜಾಲಿಯನ್ನ ನಾ ಎಂದೂ ನಂಬಿಲ್ಲ.

ಎಪ್ಪತ್ತರ ದಶಕದ ಕೊನಿಕೊನಿಗೆ ಲಕ್ಷ್ಮೇಶ್ವರದಾಗ ಗಂಗವ್ವ ಅನ್ನೋ ಹಿರೇ ಹೆಣ್ಣಮಗಳ ಮನಿಗೆ ಜಾಲಿ ಇಲ್ಲದ ಹೊಸಾ ದೋಣಿ ಕಟ್ಟಿ ಕೊಟ್ಟಿದ್ದೆ. ಗಂಡ ತೀರಿಕೊಂಡು ಭಾಳ ವರ್ಷ ಆಗಿದ್ವು. ಹೊಲಾ, ಮನಿ, ಆಳು ಎಲ್ಲಾ ಅಕಿನ ನೋಡತಿದ್ಲು. ಒಬ್ಬನ ಮಗ ಶಂಕ್ರಪ್ಪ, ಅರಳಿ ಜಿನ್ನಿಂಗ ಫ್ಯಾಕ್ಟರ್‍ಯಾಗ ಲೆಕ್ಕ ಬರೀತಿದ್ದ. ಅವ್ವನ ಮುಂದ ನಿಂತ್ರ ಅವನ ದನಿ ಹೊರಗ ಬರತಿರಲಿಲ್ಲ. ಮರುವರ್ಷದ ಬ್ಯಾಸಗ್ಯಾಗ ಅವಂದು ಮದವಿ ಆತು. ಹುಡುಗಿ ಬೆಳ್ಳಟ್ಟಿದು, ನೀಲವ್ವ ಅಂತ. ಅವರಪ್ಪ ಚನ್ನಪ್ಪ ಒಕ್ಕಲತನದ ಮನಷ್ಯಾ, ಸಾದಾ ಮಂದಿ.

ಮೊದಲ ಮಳಿ ಬಿದ್ದು ಹೌದಕ್ಕ ನೀರು ಇಳದ ಮ್ಯಾಲ ಆ ಮನ್ಯಾಗ ತ್ರಾಸ ಚಾಲೂ ಆತು. ಒಂದು ದಿವಸ ಕೊಡದಾಗ ಯಾವುದೋ ಬಟ್ಟಿ ಹರದ ಕೆಂಪ ಅರಬಿ ಚೂರು ಬಂತು. ಮತ್ತೊಂದು ದಿವಸ ಕೋಳಿ ಪುಕ್ಕ. ಆಮ್ಯಾಲ ಒಂದು ಎಲುಬಿನ ತುಂಡು. ಕಡೀಕ ಒಂದು ಕೂದಲ ಉಂಡಿ. ಆ ಮನ್ಯಾಗ ಬಾಡ ಒಳಗ ಬರಂಗಿಲ್ಲ, ತತ್ತೀನೂ ಇಲ್ಲ. ಗಂಗವ್ವ ಕೂದಲ ಉಂಡಿ ಬಿಚ್ಚಿ ನೋಡಿದ್ಲು. ಬಿಳಿ ಕೂದಲ. ಆ ಮನ್ಯಾಗ ಬಿಳಿ ತಲಿ ಅಕಿದೊಂದ.

ಓಣಿ ಹೆಂಗಸರು ಬಂದು ನೋಡಿ ಗಲ್ಲದ ಮ್ಯಾಲ ಕೈ ಇಟ್ಟುಗೊಂಡ್ರು. ಕೂದಲಾ, ಕೆಂಪ ಅರಬಿ, ಎಲುಬು, ಇದು ಮಾಟನ ಅಂದ್ರು. ಯಾರು ಮಾಡಿರಬೇಕು ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಹೊಸದಾಗಿ ಮನಿ ಹೊಕ್ಕಾಕಿ ಒಬ್ಬಾಕಿನ ಅಲ್ಲ? ಅವತ್ತಿಂದ ಗಂಗವ್ವ ಸೊಸಿ ಕೈಯಾಗಿನ ನೀರು ಕುಡಿಯೋದು ಬಿಟ್ಲು. ಹೌದದ ಮುಚ್ಚಳಕ್ಕ ಕೀಲಿ ಹಾಕಿ ಕೀಲಿಕೈ ಸೊಂಟಕ್ಕ ಸಿಗಿಸಿಗೊಂಡ್ಲು. ಆದ್ರೂ ಮತ್ತೊಂದು ಎಲುಬು ಬಂತು. ಕೀಲಿ ಹಾಕಿದ್ದು ಹೌದಕ್ಕ, ಕೊಳವಿ ಬಾಯಿ ತೆರದ ಇತ್ತು, ಅದು ಯಾರ ತಲ್ಯಾಗೂ ಬರಲಿಲ್ಲ. ಮಲಗಿದಾಗ ಸೊಸಿ ಕೀಲಿಕೈ ಕದ್ದಾಳ ಅಂತ ಆತು. ಆ ಹುಡುಗಿ ಅಡಿಗಿಗೆ ಕೈ ಹಚ್ಚಂಗಿಲ್ಲ, ದೇವರ ಖೋಲಿಗೆ ಹೋಗಂಗಿಲ್ಲ. ಕಸಾ ಹೊಡದು, ಮೂಲ್ಯಾಗ ಕುಂತು ಒಬ್ಬಾಕಿನ ಉಣ್ಣತಿದ್ಲು. ನಿಮ್ಮ ಮಗಳನ್ನ ಕರಕೊಂಡು ಹೋಗ್ರಿ ಅಂತ ಬೆಳ್ಳಟ್ಟಿಗೆ ಖಬರ ಹೋತು. ಹಂಗ ಮಾಟಗಾತಿ ಅಂತ ಹೆಸರ ಹೊತ್ತು ತವರಿಗೆ ಹೋದ್ರ ಆ ಹುಡುಗಿ ಜೀವನ ಅಲ್ಲಿಗೆ ಮುಗೀತು. ಅಕಿ ಬೆನ್ನಿಗೆ ತಂಗಿ ಬ್ಯಾರೆ ಇದ್ಲು ಮದವಿಗೆ.

ನನ್ನ ಕರಿಸಿದ್ದೂ ಅದ ಹೊತ್ತಿನ್ಯಾಗ. ದೋಣಿ ಕಟ್ಟಿದಾಂವ ನಾ, ಎಲುಬು ಬಂದಿದ್ದು ಹೌದದಾಗ. ಗಂಗವ್ವ ಕಟ್ಟಿ ಮ್ಯಾಲ ಕುಂಡ್ರಿಸಿ ಚಹಾ ಕೊಡಿಸಿದ್ಲು, ಆದ್ರ ಕಣ್ಣು ನನ್ನ ಕೈಚೀಲದ ಮ್ಯಾಲ. ನಿನ್ನ ಚೀಲದಾಗ ಏನೇನ ಇರತೈತಿ ಮೌಲಾಸಾಬ ಅಂತ ಕೇಳಿದ್ಲು. ನನಗ ತಿಳೀತು. ಚೀಲಾ ಬಿಚ್ಚಿ ಎಲ್ಲಾ ನೆಲದ ಮ್ಯಾಲ ಸುರುವಿ ತೋರಿಸಿದೆ. ಅಕಿ ಜಾಗಾದಾಗ ನಾ ಇದ್ದಿದ್ರೂ ಕೇಳತಿದ್ದೆ.

ನಾನೂ ಅಲ್ಲೆ ಯಾರನ್ನೂ ಬಿಡಲಿಲ್ಲ. ಹೊಲದ ಆಳು ಫಕೀರಪ್ಪ ನನ್ನ ಕಣ್ಣಿಗೆ ಕಣ್ಣು ಕೊಡವಲ್ಲ, ಅವನ ಮ್ಯಾಲ ಸಂಶಯ ಬಂತು. ಶಂಕ್ರಪ್ಪ ಬಾಯಿ ಬಿಡವಲ್ಲ, ಅವನ ಮ್ಯಾಲ. ಬಾಜು ಮನಿ ಗ್ವಾಡಿ ಎತ್ತರ ಐತಿ, ಅಲ್ಲಿಂದ ಯಾರರ ದೋಣಿಗೆ ಒಗೀತಿರಬೇಕು ಅಂತ ಅವರ ಮ್ಯಾಲ. ಖರೆ ಹೇಳಬೇಕಂದ್ರ ಆ ಹುಡುಗಿ ಮ್ಯಾಲನೂ ಒಂದು ಕಣ್ಣು ಇಟ್ಟಿದ್ದೆ. ಅಕಿ ಬಾಗಲ ಹಿಂದ ನಿಂತು ನನ್ನ ಮಾತು ಕೇಳಾಕ ಹತ್ತಿದ್ಲು. ನಾ ಹೋಗೋ ಮುಂದ ಸಣ್ಣ ದನಿಲೆ ಕೇಳಿದ್ಲು, "ಅಣ್ಣಾರ, ನೀವು ದೋಣಿಗೆ ಜಾಲಿ ಹಾಕಿದ ಮ್ಯಾಲ ಯಾರು ಮಾಡ್ಯಾರ ಅಂತ ಗೊತ್ತಾಕ್ಕೈತೇನ್ರಿ?" ಮಾಡಿದಾಕಿ ಹಂಗ ಕೇಳತಾಳೇನು ಅಂತ ಅನ್ನಿಸ್ತು. ಮರುಕ್ಷಣ, ಮಾಡಿದಾಕಿನ ಹಂಗ ಕೇಳತಾಳ ಅಂತನೂ ಅನ್ನಿಸ್ತು. ನನ್ನ ಸ್ವಭಾವ ಹಂಗ, ಏನ ಮಾಡ್ಲಿ.

ಗಂಗವ್ವಗ ನಾ ಹೇಳಿದ್ದು ಇಷ್ಟ: "ಅವ್ವಾರ, ದೋಣಿ ಮ್ಯಾಲ ಪೂರಾ ಜಾಲಿ ಹಾಕೂಣು. ಮ್ಯಾಲಿಂದ ಬೀಳಾಕ ಹತ್ತಿದ್ರ ಅದರಾಗ ಸಿಗತೈತಿ. ಸಿಗಲಿಲ್ಲಂದ್ರ ಮನಿ ಒಳಗಿನವರ ಕೆಲಸ." ಅಕಿ ಸ್ವಲ್ಪ ವಿಚಾರ ಮಾಡಿ, "ಹಸೀದ ಹಾಕಬೇಕೋ, ಒಣಗಿದ್ದೋ?" ಅಂತ ಕೇಳಿದ್ಲು. ಬಣ್ಣದ್ದು ಕೇಳಾಕ ಹತ್ಯಾಳ ಅಂತ ನಾ ತಿಳಕೊಂಡೆ. "ಒಣಗಿದ್ದ ಹಾಕಬೇಕ್ರಿ, ಹಸೀದ ಹಾಕಿದ್ರ ನೀರಿಗೆ ವಾಸನಿ ಹತ್ತತೈತಿ" ಅಂದೆ. ಆತು ಅಂತ ತಲಿ ಅಲ್ಲಾಡಿಸಿದ್ಲು. ಬೆಳ್ಳಟ್ಟಿಯವರು ಬರೋತನಕ ಸೊಸಿನ್ನ ಇಟ್ಟುಗೋತೀನಿ, ಅಷ್ಟರಾಗ ತಿಳೀಲಿ ಅಂದ್ಲು.

ಗದಗಿನ್ಯಾಗ ಉಸುಕಿನ ಜಾಲಿ ಜಲ್ದಿ ಸಿಗಲಿಲ್ಲ. ಸಿಕ್ಕಿದ್ದಕ್ಕ ಬಣ್ಣ ಹಚ್ಚಿದ್ರ ಮೋಡದ ಹವಾಕ್ಕ ಒಣಗವಲ್ಲದು. ನಡುವ ಎರಡು ಮಳಿ ಆದ್ವು. ಕಡೀಕ ಸುರುಳಿ ಕಟ್ಟಿ ಹೆಗಲ ಮ್ಯಾಲ ಹೊತ್ತು ಬಸ್ಸು ಹತ್ತಿದೆ. ಗಂಗವ್ವನ ಓಣಿಗೆ ಹೊಳ್ಳಿದ್ರ ಅಲ್ಲೆ ಮಂದಿ ನಿಂತಿತ್ತು. ಕಟ್ಟಿ ಮ್ಯಾಲ ಒಂದು ಟ್ರಂಕು, ಬಾಜೂಕ ನೀಲವ್ವ, ಅಕಿ ಮಗ್ಗಲಕ ಟವೆಲ್ಲಿಲೆ ಮಾರಿ ಒರಸಿಗೋತ ಚನ್ನಪ್ಪ. ಗಂಗವ್ವ ಬಾಗಲದಾಗ ನಿಂತಿದ್ಲು. ಹಿಂದಿನ ದಿವಸದ ಮಳಿಗೆ ದೋಣಿ ತುಂಬಿ ನೀರು ಅಡಿಗಿ ಮನಿ ಗ್ವಾಡಿ ಹಿಡದು ಇಳದು, ಹಿಟ್ಟಿನ ಡಬ್ಬಿ ಎಲ್ಲಾ ತೊಯ್ದಿದ್ವು. ಅದೂ ಆ ಹುಡುಗಿ ಕಾಲಗುಣಾನ ಅಂತ ಆಗಿತ್ತು.

ನಾ ತಲಿ ಎತ್ತಿ ಮ್ಯಾಲ ನೋಡಿದೆ. ದೋಣಿ ತುಂಬ ಮುಳ್ಳು. ಒಣಗಿದ ಜಾಲಿ ಗಿಡದ ಮುಳ್ಳಿನ ಟೊಂಗಿ, ಈ ತುದಿಯಿಂದ ಆ ತುದಿತನಕ, ಕುರಿ ಹಟ್ಟಿಗೆ ಬೇಲಿ ಬಡದಂಗ ಬಡದಿದ್ರು. ಯಾರ ಮಾಡಿದ್ದಿದು ಅಂತ ಒದರಿದೆ.

"ನೀನ ಹೇಳಿದ್ಯಲ್ಲೋ ಜಾಲಿ ಹಾಕಬೇಕಂತ," ಅಂದ್ಲು ಗಂಗವ್ವ. "ಒಣಗಿದ್ದ ಆಗಬೇಕಂದಿ. ಹೊಲದಾಗ ಬೇಕಾದಷ್ಟು ಬಿದ್ದೈತಿ. ಅದಕ್ಕ ನಿನ್ನ ಹಾದಿ ಯಾಕ ಕಾಯಬೇಕು ಅಂತ ಫಕೀರಪ್ಪನ ಕಡೆ ಹಾಕಿಸಿದೆ."

ಫಕೀರಪ್ಪ ಗೀಚಿದ ಕೈ ಮುಂದ ಮಾಡಿ ತೋರಿಸಿದ. ಅಂವ ನನ್ನ ಕಣ್ಣಿಗೆ ಕಣ್ಣು ಕೊಡವಲ್ಲ ಅಂದಿದ್ನಲ್ಲ, ಅವಂಗ ಮೆಳ್ಳಗಣ್ಣು ಅಂತ ಅವಾಗ ಗೊತ್ತಾತು. ನೋಡಾಕ ಬಂದ ಮಂದಿ ನಕ್ರೂ ನನಗ ನಗು ಬರಲಿಲ್ಲ. ನಮ್ಮ ಕಡೆ ಮಂದಿ ಬಿಟ್ಟು ಹೋದ ಮನಿಗೆ ಮುಳ್ಳು ಬಡೀತಾರ, ಬಾಳೇವು ಮುಗೀತು ಅನ್ನಾಕ. ಆ ಮುಳ್ಳಿನ ಕೆಳಗ ಆ ಹುಡುಗಿ ಟ್ರಂಕು ಇಟ್ಟುಗೊಂಡು ಕುಂತಿತ್ತು. ಜಾಲಿ ಅಂದ್ರ ಜಾಲಿನ. ಕೇಳಿದವರ ಕಿವಿದು ತಪ್ಪೋ, ಹೇಳಿದವನ ಬಾಯಿದು ತಪ್ಪೋ, ಇವತ್ತಿಗೂ ನಾ ಕಿವಿದ ಅಂತೀನಿ.

ಸಿಟ್ಟಿಲೆ ನಿಚ್ಚಣಿಕಿ ಹಚ್ಚಿ ಹತ್ತಿದೆ. ಅಲುಗಾಡಿಸಿ ನೋಡೋದನ್ನೂ ಮರತಿದ್ದೆ. ಒಂದೊಂದ ಟೊಂಗಿ ಜಗ್ಗಿ ಕೆಳಗ ಒಗಿಯಾಕ ಹತ್ತಿದೆ. ಬಾಜು ಮನಿ ಬೇವಿನ ಗಿಡ ಬಾಗಿದ ಮೂಲಿಗೆ ಬಂದಾಗ ಟೊಂಗಿ ವಜ್ಜ ಹತ್ತಿತು. ಎತ್ತಿ ನೋಡಿದ್ರ ಮುಳ್ಳಿಗೆ ಕೆಂಪ ಅರಬಿ ಸಿಗಬಿದ್ದೈತಿ. ಮದವಿ ಹಂದರದ್ದು, ಗುರುತ ಸಿಕ್ತು. ಅದರ ಬಾಜೂಕ ಕೋಳಿ ಪುಕ್ಕ. ಎಲುಬಿನ ಎರಡು ತುಂಡು. ಮತ್ತ ಮುಳ್ಳಿನ ತುದಿಗೆ ಸುತ್ತಿಕೊಂಡು ಬಿಳಿ ಕೂದಲ ಉಂಡಿ, ಹೌದದಾಗ ಸಿಕ್ಕಂಥಾದ್ದ. ತಂತಿ ಜಾಲಿ ಇದ್ದಿದ್ರ ಗಾಳಿಗೆ ಎಲ್ಲಾ ಜಾರಿ ಹೋಗಿರತಿತ್ತೋ ಏನೋ. ಮುಳ್ಳು ಬಿಟ್ಟಿರಲಿಲ್ಲ.

ಟೊಂಗಿ ಹಂಗ ಹಿಡಕೊಂಡು ಇಳದು ಗಂಗವ್ವನ ಕಾಲ ಮುಂದ ಇಟ್ಟೆ. ಇದು ಹೌದಕ್ಕ ಬೀಳೋ ಮೊದಲ ಮ್ಯಾಲ ಸಿಕ್ಕಿದ್ದು, ಕೀಲಿ ಒಳಗಿಂದಲ್ಲ ಅಂದೆ. ಹಂಗಾರ ಮ್ಯಾಲ ಯಾರು ಒಗದ್ರು ಅಂತ ಅಕಿ ಕೇಳಿದ್ಲು. ನಾ ಬಾಜು ಮನಿ ಗ್ವಾಡಿ ಕಡೆ ಕೈ ಮಾಡಬೇಕಂತ ಇದ್ದೆ. ನನ್ನ ಪುಣ್ಯಾ, ಬಾಯಿ ತೆಗೀಲಿಲ್ಲ. ಅಷ್ಟರಾಗ ಬೇವಿನ ಗಿಡದಿಂದ ಒಂದು ಕಾಗಿ ಇಳದು ಬಂತು. ಬಾಯಾಗ ಒಣಾ ರೊಟ್ಟಿ ತುಂಡು. ನಾ ಮುಳ್ಳು ತಗದ ಜಾಗಾದಾಗ ದೋಣಿ ಅಂಚಿಗೆ ಕುಂತು, ನಿಂತ ನೀರಾಗ ರೊಟ್ಟಿ ಅದ್ದಿ, ಮೆತ್ತಗಾತೋ ಇಲ್ಲೋ ಅಂತ ಕುಕ್ಕಿ ನೋಡಿ, ಮತ್ತ ಅದ್ದಿ, ತಿಂದು ಹಾರಿ ಹೋತು. ಎಲ್ಲಾರೂ ತಲಿ ಎತ್ತಿ ನೋಡಿದ್ವಿ. ಗಿಡದ ಮ್ಯಾಲ ಗೂಡು ಇತ್ತು. ಗೂಡಿನ ಅಂಚಿಗೆ ಅದ ಕೆಂಪ ಅರಬಿ ಜೋತಾಡಾಕ ಹತ್ತಿತ್ತು. ಬ್ಯಾಸಗ್ಯಾಗ ಮನ್ಯಾಗ ಮದವಿ ಹಂದರ ಕಟ್ಟೋ ಮುಂದನ ಕಾಗಿನೂ ಗೂಡು ಕಟ್ಟಿತ್ತು.

ಮತ್ತ ಕೂದಲಾ ಎಲ್ಲಿದು ಅಂತ ಯಾರೋ ಕೇಳಿದ್ರು. ಅದಕ್ಕ ಗಂಗವ್ವ ತಾನ ಉತ್ತರ ಹೇಳಿದ್ಲು, ತನಗ ತಾನ ಹೇಳಿಕೊಂಡಂಗ. ನಮ್ಮ ಕಡೆ ಹೆಂಗಸರು ತಲಿ ಬಾಚಿದ ಮ್ಯಾಲ ಉದರಿದ ಕೂದಲಾ ಸುತ್ತಿ ಹಿತ್ತಲ ಗ್ವಾಡಿ ಸಂದಿನ್ಯಾಗ ತುರುಕತಾರ. ಕೂದಲಾ ಕೊಳ್ಳಾಕ ಬರೋರಿಗೆ ಕೊಟ್ಟು ಸೂಜಿ, ಪಿನ್ನು ತಗೋತಾರ. ಅಕಿ ಹಿತ್ತಲಿಗೆ ಹೋಗಿ ಸಂದಿನ್ಯಾಗ ಬೆರಳ ಹಾಕಿ ನೋಡಿ ಬಂದ್ಲು. ಸಂದಿ ಖಾಲಿ ಇತ್ತು.

ಬಂದು ಕಟ್ಟಿ ಮ್ಯಾಲ ಕುಂತ್ಲು. ಟ್ರಂಕಿನ ಕಡೆ ನೋಡಲಾರದ, "ನೀಲವ್ವಾ, ಒಂದು ಚರಗಿ ನೀರು ತಾ" ಅಂದ್ಲು.

ತಪ್ಪಾತು ಅನ್ನಾಕ ಅಕಿಗೆ ಬರೋ ಮಾತು ಅದೊಂದ ಅಂತ ಅಲ್ಲಿದ್ದವರಿಗೆಲ್ಲಾ ತಿಳೀತು. ಚನ್ನಪ್ಪ ಟವೆಲ್ಲ ಹೆಗಲ ಮ್ಯಾಲ ಹಾಕ್ಕೊಂಡ. ಗಂಗವ್ವ ಸೊಂಟದಿಂದ ಕೀಲಿಕೈ ತಗದು ಕೊಟ್ಲು. ಹುಡುಗಿ ಮುಚ್ಚಳ ತಗದು, ನೀರು ಸೇದಿ, ಚರಗಿ ತುಂಬಿ ತಂದು ಎರಡೂ ಕೈಲೆ ಕೊಟ್ಲು. ಗಂಗವ್ವ ಇಸಗೊಂಡ್ಲು. ಇಸಗೊಂಡು ಚರಗಿನ್ನ ಬೆಳಕಿಗೆ ಹೊಳ್ಳಿಸಿ, ಒಳಗ ತಳಾತನಕ ನೋಡಿದ್ಲು. ಬೇಕಂತ ನೋಡಿದ್ದಲ್ಲ, ಇಷ್ಟು ದಿವಸದ ರೂಢಿ. ಆಮ್ಯಾಲ ಗಟಗಟ ಕುಡದ್ಲು.

"ನೋಡಿ ಕುಡದ್ರಿ, ಅತ್ತಿ," ಅಂದ್ಲು ನೀಲವ್ವ. ದನಿ ಏರಿಸಲಿಲ್ಲ. ಖಾಲಿ ಚರಗಿ ಇಸಗೊಂಡು ತೊಳದು ಬೋರಲ ಹಾಕಿದ್ಲು. ಕೀಲಿಕೈ ಕಟ್ಟಿ ಮ್ಯಾಲ ಇಟ್ಲು. ಟ್ರಂಕಿನ ಒಂದು ಹಿಡಿ ತಾ ಹಿಡಕೊಂಡು, ನಡೀರಿ ಅಪ್ಪಾ ಬಸ್ಸು ಬರತೈತಿ ಅಂದ್ಲು. ಶಂಕ್ರಪ್ಪ ಕಂಬಕ್ಕ ಆತು ನಿಂತಾಂವ ಹಂಗ ನಿಂತಿದ್ದ. ಅವನ ಕೊಳ್ಳಪಟ್ಟಿ ಹಿಡದು ಅಲುಗಾಡಿಸಬೇಕು ಅನ್ನಿಸ್ತು ನನಗ.

ನಾ ಮಾತ್ರ ಬಂದ ಕೆಲಸ ಬಿಡಲಿಲ್ಲ. ಉಳದ ಮುಳ್ಳು ಎಲ್ಲಾ ಕಿತ್ತೆ, ದೋಣಿ ತೊಳದೆ, ಖರೇ ಜಾಲಿ ಬಿಚ್ಚಿ ಅಳತಿಗೆ ಕತ್ತರಿಸಿದೆ. ಆ ಕಾಗಿ ನನ್ನ ತಲಿಗೆ ಕುಕ್ಕಿದ್ದು ಬ್ಯಾರೆ. ಕಾಗಿ ಮುಟ್ಟಿದ್ರ ಕೆಟ್ಟದ್ದು ಅಂತ ಕೆಳಗಿನ ಮಂದಿ ಒದರಿದ್ರು. ಆ ಮನ್ಯಾಗ ಇನ್ನೂ ಏನು ಕೆಟ್ಟದ್ದು ಆಗೋದು ಉಳದೈತಿ ಅಂತ ನಾ ಅಲ್ಲೆ ಕುಂತು ತಂತಿ ಕಟ್ಟಿದೆ. ಗಂಗವ್ವ ಅಂಗಳದಾಗ ನಿಂತು ಮ್ಯಾಲ ನೋಡಿಕೋತ, ಇನ್ನ ಏನೂ ಬೀಳಂಗಿಲ್ಲಲಾ ಅಂತ ಕೇಳಿದ್ಲು. ಎಲಿ ಸೈತ ಬೀಳಂಗಿಲ್ಲ ಅಂದೆ. ಸ್ವಲ್ಪ ಹೊತ್ತಿಗೆ ಮತ್ತ ಅದನ್ನ ಕೇಳಿದ್ಲು.

ಪ್ಲಾಸ್ಟಿಕ್ಕಿನ ಪೈಪು, ಸಿಮೆಂಟಿನ ಮಾಳಗಿ ಬಂದ ಮ್ಯಾಲ ನಮ್ಮ ದೋಣಿ ಕೆಲಸ ಕಡಿಮಿ ಆತು. ಈಗಿನ ಹುಡುಗರು ಅಂಗಡ್ಯಾಗಿನ ತಯಾರ ಜಾಲಿ ತಂದು ಟಪ್ಪಂತ ಕೂಡಿಸಿ ಹೋಗತಾರ. ಹೋಗ್ಲಿ. ಆದ್ರ ಹಾಕೋ ಮೊದಲ ಮನಿ ಹೆಂಗಸರನ್ನ ಕೇಳ್ರಿ, ಏನು ಬೀಳತೈತಿ, ಎಂದಿನಿಂದ ಬೀಳತೈತಿ, ಬಾಜೂಕ ಯಾವ ಗಿಡ ಐತಿ ಅಂತ. ಯಾರನ್ನರ ಸಂಶಯ ಮಾಡೋ ಮೊದಲ ಗಿಡಾ ನೋಡ್ರಿ. ನನಗ ಅದನ್ನ ಖಾದರಸಾಬ ಉಸ್ತಾದ ಕಲಿಸಿರಲಿಲ್ಲ.

ಆ ವರ್ಷ ಸುಗ್ಗಿ ಮುಂದ ಚನ್ನಪ್ಪ ನನ್ನ ಬೆಳ್ಳಟ್ಟಿಗೆ ಕರಿಸಿದ. ದನದ ಕೊಟ್ಟಗಿಗೆ ತಗಡು ಹೊಚ್ಚಬೇಕಾಗಿತ್ತು. ನೀಲವ್ವ ಹ್ಯಾಂಗದಾಳ ಅಂತ ಕೇಳಾಕ ಬಾಯಿ ಬರವಲ್ಲದು. ಕೆಲಸ ಅರ್ಧ ಆದ ಮ್ಯಾಲ ಅಂವನ ಹೇಳಾಕ ಹತ್ತಿದ. ಹಿಂದಿನ ವಾರ ಗಂಗವ್ವ ಒಬ್ಬಾಕಿನ ಬಸ್ಸಿಗೆ ಬಂದಿದ್ಲಂತ. ಮಗನ್ನೂ ಕರಕೊಂಡು ಬಂದಿರಲಿಲ್ಲ, ಹಿರ್‍ಯಾರನ್ನೂ ಕರಕೊಂಡು ಬಂದಿರಲಿಲ್ಲ. ಒಳಗ ಬಾ ಅಂದ್ರ ಬರಲಿಲ್ಲ, ಚಹಾ ಅಂದ್ರ ಬ್ಯಾಡ ಅಂದ್ಲು. ಹೊರಗ ಕಟ್ಟಿ ಮ್ಯಾಲ ಕುಂತು, ನೀಲವ್ವನ ಕಡೆ ನೀರು ಬೇಡಿದ್ಲಂತ.

"ಕುಡದ್ಲೇನು?" ಅಂದೆ.

"ಕುಡದ್ಲು."

ನಾ ನಂಬಲಿಲ್ಲ. ನಿಚ್ಚಣಿಕಿಯಿಂದ ಇಳದು ಅವನ ಎದುರಿಗೆ ನಿಂತು, ಖರೆ ಹೇಳ್ರಿ, ಚರಗ್ಯಾಗ ನೋಡಲಿಲ್ಲೇನು ಅಂತ ಕೇಳಿದೆ.

"ನೋಡಲಿಲ್ಲೋ ಮಾರಾಯಾ," ಅಂದ ಚನ್ನಪ್ಪ. "ಕಣ್ಣ ಮುಚ್ಚಿಗೊಂಡು ಕುಡದ್ಲು. ಸಣ್ಣ ಮಕ್ಕಳು ಕಹಿ ಔಷಧ ಕುಡೀತಾವಲಾ, ಹಂಗ ಕಣ್ಣ ಬಿಗೀ ಮುಚ್ಚಿ. ಅರ್ಧ ನೀರು ಸೀರಿ ಮ್ಯಾಲ ಚೆಲ್ಲಿಗೊಂಡ್ಲು."

ಮಗಳೇನಂದ್ಲು ಅಂತ ಕೇಳಿದೆ.

ತನ್ನ ಸೆರಗಿಲೆ ಅತ್ತಿ ಗದ್ದ ಒರಿಸಿದ್ಲಂತ. ಒಳಗ ಹೋಗಿ ಟ್ರಂಕಿನ್ಯಾಗ ಬಟ್ಟಿ ತುಂಬಾಕ ಹತ್ತಿದ್ಲಂತ.